ಫ್ಲಿಟ್ ಪಂಪಿನಿಂದ ಸ್ನಾಫು ತನಕ: ಗೈಸೆಲ್ ಯುದ್ಧಕಾಲದ ಎರಡು ಉಚಿತ ಸಂಗ್ರಹಗಳು

ಡಾ. ಸ್ಯೂಸ್ ಅಂದರೆ ಮಕ್ಕಳ ಪುಸ್ತಕ ಎಂದಷ್ಟೇ ಬಹುಪಾಲು ಓದುಗರಿಗೆ ಗೊತ್ತು. ಆ ಹೆಸರಿನ ಹಿಂದಿದ್ದ ಥಿಯಡೋರ್ ಗೈಸೆಲ್ 1941ರಿಂದ ಎರಡು ವರ್ಷ ನ್ಯೂಯಾರ್ಕಿನ ದಿನಪತ್ರಿಕೆಯೊಂದಕ್ಕೆ ರಾಜಕೀಯ ವ್ಯಂಗ್ಯಚಿತ್ರ ಬರೆದರು. 1943ರ ಜನವರಿಯಲ್ಲಿ ಸೈನ್ಯ ಸೇರಿ, ಸೈನಿಕರಿಗಷ್ಟೇ ತೋರಿಸುತ್ತಿದ್ದ ಕಾರ್ಟೂನ್ ಚಿತ್ರಗಳಿಗೆ ಕಥೆ, ಪದ್ಯ ಕಟ್ಟಿಕೊಟ್ಟರು. ಎರಡೂ ಕೆಲಸ ಇಂದು ಕಾಸು ಖರ್ಚಿಲ್ಲದೆ ನೋಡಲು ಸಿಗುತ್ತವೆ. ಪತ್ರಿಕೆಯ ಚಿತ್ರಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಗ್ರಂಥಾಲಯದ ಆನ್‌ಲೈನ್ ಪಟ್ಟಿಯಲ್ಲಿವೆ. 'ಪ್ರೈವೇಟ್ ಸ್ನಾಫು' ಎಂಬ ಆ ಕಾರ್ಟೂನ್ ಸರಣಿ ಇಂಟರ್‌ನೆಟ್ ಆರ್ಕೈವ್, ಯೂಟ್ಯೂಬ್ ಮುಂತಾದ ಕಡೆ ಹರಡಿಕೊಂಡಿದೆ.

ತೀರ್ಪು ಮೊದಲೇ ಹೇಳಿಬಿಡಬಹುದು. ಪತ್ರಿಕೆಯ ಸಂಗ್ರಹ ಜೋಡಣೆಯಲ್ಲಿ ಅಚ್ಚುಕಟ್ಟು, ಚಿತ್ರದ ಗುಣಮಟ್ಟದಲ್ಲಿ ಸುಮಾರು. ಸ್ನಾಫು ಚಿತ್ರಗಳು ಇದಕ್ಕೆ ತಿರುಗುಮುರುಗು: ಸರಕು ಗಟ್ಟಿ, ಆದರೆ ಹತ್ತು ಪ್ರತಿ ತೆರೆದರೆ ಅಭ್ಯಾಸಕ್ಕೆ ಒದಗುವುದು ಒಂದೆರಡು. ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಲಾಭ ಕೈತಪ್ಪುತ್ತದೆ. ಗೈಸೆಲ್ ಪತ್ರಿಕೆಯಿಂದ ಸಿನಿಮಾಕ್ಕೆ ಏನು ಒಯ್ದರು, ಏನು ಹಿಂದೆ ಬಿಟ್ಟರು ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಕಾಣುವುದು.

ಅದಕ್ಕೂ ಹಿಂದಿನ ಒಂದು ಸಂಗತಿ ಗೊತ್ತಿರಬೇಕು. 1904ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದ ಗೈಸೆಲ್‌ಗೆ ಹೊಟ್ಟೆ ತುಂಬಿಸಿದ್ದು ಪುಸ್ತಕವಲ್ಲ, ಪತ್ರಿಕೆಯೂ ಅಲ್ಲ, ಸೊಳ್ಳೆ ಔಷಧಿ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ 'ಫ್ಲಿಟ್' ಎಂಬ ಕೀಟನಾಶಕಕ್ಕೆ 1928ರಿಂದ ಅವರು ಜಾಹೀರಾತು ಚಿತ್ರ ಬರೆಯುತ್ತಿದ್ದರು. ಉದ್ದ ಕೊಳವೆ, ಹಿಂದೊಂದು ಹಿಡಿ, ಮುಂದೆ ತಗಡಿನ ಡಬ್ಬಿ ಇರುವ ಆ ಫ್ಲಿಟ್ ಪಂಪು ಮುಂದಿನ ಹದಿನೈದು ವರ್ಷ ಅವರ ಕೈ ಬಿಡಲಿಲ್ಲ. ಎರಡೂ ಸಂಗ್ರಹಗಳಲ್ಲಿ ದಾರಿ ತಪ್ಪದಿರಲು ಈ ಪಂಪು ಮತ್ತು ಅದರ ಗುರಿಯಾದ ಸೊಳ್ಳೆಯನ್ನು ಹಿಂಬಾಲಿಸಿದರೆ ಸಾಕು.

ಮೊದಲು ಪತ್ರಿಕೆ. ಹೆಸರು 'ಪಿಎಂ'. ರಾಲ್ಫ್ ಇಂಗರ್ಸಾಲ್ 1940ರ ಜೂನ್‌ನಲ್ಲಿ ಶುರುಮಾಡಿದ್ದು. ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಬೆಲೆ ಐದು ಸೆಂಟ್. ಊರಿನ ಉಳಿದ ಪತ್ರಿಕೆಗಳಿಗಿಂತ ದುಬಾರಿ. ಜಾಹೀರಾತಿನಿಂದ ಬದುಕುತ್ತಿದ್ದ ಚಿತ್ರಕಾರ ಜಾಹೀರಾತೇ ಇಲ್ಲದ ಪತ್ರಿಕೆಗೆ ಬಂದದ್ದು ತಮಾಷೆಯೇ ಸರಿ. ಗೈಸೆಲ್‌ರ ಮೊದಲ ಚಿತ್ರ ಅಚ್ಚಾದದ್ದು 1941ರ ಜನವರಿ 30ರಂದು. ಮುಸೊಲಿನಿಯ ತುತ್ತೂರಿಯಾಗಿದ್ದ ಸಂಪಾದಕ ವಿರ್ಜಿನಿಯೊ ಗೈಡಾ ಟೈಪ್‌ರೈಟರ್ ಕುಟ್ಟುತ್ತಿರುವ ಚಿತ್ರ ಅದು. 1943ರ ಜನವರಿಯಲ್ಲಿ ಸಮವಸ್ತ್ರ ತೊಡುವ ಹೊತ್ತಿಗೆ ಒಟ್ಟು ನಾನೂರಕ್ಕೂ ಹೆಚ್ಚು ಚಿತ್ರಗಳಾಗಿದ್ದವು.

ಗ್ರಂಥಾಲಯದ ಪಟ್ಟಿಯನ್ನು ವರ್ಷ, ತಿಂಗಳ ಪ್ರಕಾರ ತೆರೆಯಬಹುದು. ವ್ಯಕ್ತಿ, ದೇಶಗಳ ಹೆಸರಿನಿಂದಲೂ ಹುಡುಕಬಹುದು. ಹೊಸಬರು ನೇರ ಹಿಟ್ಲರ್ ಹೆಸರು ಒತ್ತುತ್ತಾರೆ. ಹಾಗೆ ಮಾಡಬೇಡಿ, ತಿಂಗಳುವಾರು ಹೋಗಿ. ಇವು ದಿನದಿನದ ಸುದ್ದಿಗೆ ಬರೆದ ಚಿತ್ರಗಳು. ವ್ಯಕ್ತಿಯ ಹೆಸರಿನಡಿ ಒಟ್ಟು ಹಾಕಿದಾಗ ಒಂದೇ ಹಾಸ್ಯ ಮೂವತ್ತು ಸಲ ಬಂದಂತೆ ಕಾಣುತ್ತದೆ. ದಿನಾಂಕದ ಸಾಲಿನಲ್ಲಿ ನೋಡಿದರೆ ಒಂದು ರೂಪಕ ಹುಟ್ಟಿ, ಬಲಿತು, ಸಾಯುವುದು ಕಣ್ಣಿಗೆ ಬೀಳುತ್ತದೆ.

ಉಷ್ಟ್ರಪಕ್ಷಿಯನ್ನೇ ತೆಗೆದುಕೊಳ್ಳಿ. 1941ರ ಏಪ್ರಿಲ್ 29ರ ಚಿತ್ರದಲ್ಲಿ ಅಮೆರಿಕನ್ನರು ಸಾಲಾಗಿ ನಿಂತು ಉಷ್ಟ್ರಪಕ್ಷಿಯ ತಲೆಯಾಕಾರದ ಟೊಪ್ಪಿ ಹಾಕಿಸಿಕೊಳ್ಳುತ್ತಾರೆ. ಯುದ್ಧ ನಮಗೆ ಸಂಬಂಧಿಸಿದ್ದಲ್ಲ ಎಂದು ಮರಳಲ್ಲಿ ತಲೆ ಹೂತುಕೊಂಡವರಿಗೆ ಇಟ್ಟ ಗುರುತು ಅದು. ಆಮೇಲಿನ ತಿಂಗಳುಗಳಲ್ಲೂ ಆ ಹಕ್ಕಿ ಮತ್ತೆ ಮತ್ತೆ ಬರುತ್ತದೆ. ಅಕ್ಟೋಬರ್ 1ರ ಚಿತ್ರದಲ್ಲಿ ಹಕ್ಕಿಯಿಲ್ಲ, ಆದರೆ ಏಟು ಇನ್ನೂ ಜೋರು: ಅಂಗಿಯ ಮೇಲೆ 'ಅಮೆರಿಕ ಫಸ್ಟ್' (ಯುದ್ಧಕ್ಕಿಳಿಯಬಾರದು ಎನ್ನುತ್ತಿದ್ದವರ ಸಂಘಟನೆ) ಎಂದು ಬರೆದುಕೊಂಡ ತಾಯಿ ಮಕ್ಕಳಿಗೆ ತೋಳದ ಕಥೆ ಓದುತ್ತಾಳೆ, ತೋಳ ತಿಂದದ್ದು ಪರದೇಶದ ಮಕ್ಕಳನ್ನಂತೆ, ಹಾಗಾಗಿ ಚಿಂತೆಯಿಲ್ಲವಂತೆ. ಡಿಸೆಂಬರ್ 8ರಂದು, ಅಂದರೆ ಪರ್ಲ್ ಹಾರ್ಬರ್ ದಾಳಿಯ ಮರುದಿನ, ಯುದ್ಧ ಎಂಬ ಸ್ಫೋಟ ಆ ಉಷ್ಟ್ರಪಕ್ಷಿಯನ್ನು ಆಕಾಶಕ್ಕೆ ಎಸೆಯುತ್ತದೆ. ಏಪ್ರಿಲ್‌ನಿಂದ ಓದುತ್ತ ಬಂದವರಿಗೆ ಮಾತ್ರ ಆ ಚಿತ್ರದ ಪೂರ್ತಿ ಏಟು ತಾಗುವುದು.

ದಿನಾಂಕದ ಸಾಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದು ಹಿತವಾದದ್ದಲ್ಲ. 1942ರ ಫೆಬ್ರುವರಿ 13ರ ಚಿತ್ರದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರು ಒಂದೇ ಮುಖದ ಜನರಾಗಿ ಸಾಲುಗಟ್ಟಿ, ಸಿಡಿಮದ್ದಿನ ಪೊಟ್ಟಣ ಪಡೆದು, ಜಪಾನಿನ ಸನ್ನೆಗೆ ಕಾಯುತ್ತಿರುವಂತಿದೆ. ಆರೇ ದಿನಕ್ಕೆ, ಫೆಬ್ರುವರಿ 19ರಂದು, ಅವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಲು ದಾರಿ ಮಾಡಿಕೊಟ್ಟ 9066ನೇ ಆದೇಶಕ್ಕೆ ರೂಸ್‌ವೆಲ್ಟ್ ಸಹಿ ಹಾಕಿದರು. ಅದೇ ವರ್ಷ ಜೂನ್ 11ರ ಚಿತ್ರದಲ್ಲಿ ಅಮೆರಿಕದ ಪ್ರತೀಕವಾದ ಅಂಕಲ್ ಸ್ಯಾಮ್ ಫ್ಲಿಟ್ ಪಂಪು ಹಿಡಿದು ಜನರ ಕಿವಿಗೆ ಔಷಧಿ ಹೊಡೆಯುತ್ತಾನೆ. ಇನ್ನೊಂದು ಕಿವಿಯಿಂದ ಜನಾಂಗದ್ವೇಷದ ಹುಳ ಹೊರಬೀಳುತ್ತದೆ. ನಾಲ್ಕು ತಿಂಗಳ ಹಿಂದೆ ಆ ಹುಳ ಚಿತ್ರಕಾರನ ಕಿವಿಯಲ್ಲೂ ಇತ್ತು ಎಂಬುದನ್ನು ಪಟ್ಟಿ ಬಾಯಿ ಬಿಟ್ಟು ಹೇಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ಆಯ್ದ ಸಂಕಲನವಾದರೆ ಇಂಥದ್ದು ಸದ್ದಿಲ್ಲದೆ ಜಾರಿಹೋಗುವ ಅಪಾಯವಿರುತ್ತದೆ. ಇಡಿಯಾಗಿ ಇಟ್ಟದ್ದಕ್ಕೆ ಗ್ರಂಥಾಲಯಕ್ಕೆ ಪೂರ್ತಿ ಅಂಕ.

ಅಂಕ ಕಳೆಯಬೇಕಾದದ್ದು ಚಿತ್ರದ ಸ್ಪಷ್ಟತೆಗೆ. ಇಲ್ಲಿರುವುದು ಕೈಬರಹದ ಮೂಲವಲ್ಲ, ಪತ್ರಿಕೆಯಿಂದ ಕತ್ತರಿಸಿದ ತುಣುಕು. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುತ್ತದೆ, ಬೆಳಕು ಗಾಳಿ ತಾಗಿದರೆ ಹಳದಿಯಾಗುತ್ತದೆ. ಮೇಲಾಗಿ ಅದು ಶಾಯಿ ಹೀರುವ ಕಾಗದ. ಅಚ್ಚಿನ ಗೆರೆ ಮೂಲ ಗೆರೆಗಿಂತ ದಪ್ಪವಾಗಿ ಹರಡಿರುತ್ತದೆ. ಹಾಗಾಗಿ ಗೆರೆಯ ದಪ್ಪ ತೆಳುವನ್ನು ಈ ಪ್ರತಿಗಳಿಂದ ಅಳೆದು ಗೈಸೆಲ್ ಯಾವ ನಿಬ್ಬು ಬಳಸಿದರು ಎಂದು ತೀರ್ಮಾನಿಸಲು ಹೋಗಬೇಡಿ. ಗೆರೆಗಳ ನಡುವಿನ ಸಣ್ಣ ಬಿಳಿ ಜಾಗ ಮುಚ್ಚಿಹೋಗಿರುವ ಕಡೆಗಳಲ್ಲಂತೂ ಅದು ಚಿತ್ರಕಾರನ ಕೈಯಲ್ಲ, ಯಂತ್ರದ ಕೈ.

ಅಭ್ಯಾಸಕ್ಕೆ ಮುದ್ರಿಸಿಕೊಳ್ಳುವವರಿಗೆ ಒಂದು ಉಪಾಯ. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ತೆರೆದು ಕೆಂಪನ್ನಷ್ಟೇ ಉಳಿಸಿಕೊಳ್ಳಿ. ಹಳದಿ ಕಾಗದ ಕೆಂಪು ಚಾನೆಲ್‌ನಲ್ಲಿ ಬಿಳಿಗೆ ಹತ್ತಿರ ಬರುತ್ತದೆ, ನೀಲಿಯಲ್ಲಿ ಕೊಳಕು ಬೂದು ಆಗುತ್ತದೆ. ಸುಮ್ಮನೆ ಕಪ್ಪುಬಿಳುಪು ಮಾಡಿದರೆ ಮೂರೂ ಬೆರೆತು ಕೊಳೆಯೂ ಉಳಿಯುತ್ತದೆ. ಕೆಂಪು ಚಾನೆಲ್ ತೆಗೆದ ಮೇಲೆ ಲೆವೆಲ್ಸ್‌ನಲ್ಲಿ ಬಿಳಿ ತುದಿಯನ್ನು ಕಾಗದದ ಬಣ್ಣದ ತನಕ ಎಳೆಯಿರಿ. ಹಿಂಬದಿಯ ಅಕ್ಷರಗಳ ನೆರಳೂ ಅಷ್ಟಕ್ಕೇ ಹೋಗುತ್ತದೆ. ಕಪ್ಪು ತುದಿಯನ್ನು ಮಾತ್ರ ಜಾಸ್ತಿ ಎಳೆಯಬೇಡಿ, ಮೊದಲೇ ಹರಡಿದ ಗೆರೆ ಇನ್ನೂ ದಪ್ಪವಾಗುತ್ತದೆ.

ಇನ್ನು ಸ್ನಾಫು. ಸೇನೆಗೆ ಸೇರಿದ ಗೈಸೆಲ್ ಕ್ಯಾಪ್ಟನ್ ಹುದ್ದೆಯಲ್ಲಿ ಹಾಲಿವುಡ್ಡಿನಲ್ಲಿದ್ದ ಸಿನಿಮಾ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಸಿಗ್ನಲ್ ಕೋರ್ (ಸೇನೆಯ ಸಂಪರ್ಕ ವಿಭಾಗ) ಘಟಕಕ್ಕೆ ಹೋದರು. ಘಟಕ ಬೀಡುಬಿಟ್ಟಿದ್ದು ಫಾಕ್ಸ್ ಕಂಪನಿಯ ಹಳೇ ಸ್ಟುಡಿಯೊದಲ್ಲಿ, ಅದಕ್ಕೆ 'ಫೋರ್ಟ್ ಫಾಕ್ಸ್' ಎಂಬ ಅಡ್ಡಹೆಸರು. ಸೈನಿಕರ ಶಿಬಿರಗಳಲ್ಲಿ ತೋರಿಸುವ ಸುದ್ದಿಚಿತ್ರದೊಳಗೆ ಸೇರಿಸಲು ಮೂರರಿಂದ ಐದು ನಿಮಿಷದ ಕಪ್ಪುಬಿಳುಪು ಕಾರ್ಟೂನ್ ಬೇಕಿತ್ತು. ಹೇಳಿದ ಮಾತು ಕೇಳದ ಒಬ್ಬ ಪೆದ್ದ ಸೈನಿಕ, ಅವನ ಪಾಡು ನೋಡಿ ಉಳಿದವರು ಕಲಿಯಬೇಕು. ಡಿಸ್ನಿ ಪಾತ್ರದ ಹಕ್ಕು ತನಗೇ ಬೇಕೆಂದಿತು; ಅದಕ್ಕಿಂತ ತೀರಾ ಅಗ್ಗಕ್ಕೆ ಒಪ್ಪಿದ ಲಿಯಾನ್ ಶ್ಲೆಸಿಂಜರ್ ಸ್ಟುಡಿಯೊಗೆ, ಅಂದರೆ ಬಗ್ಸ್ ಬನ್ನಿಯ ಮನೆಗೆ, ಕೆಲಸ ಸಿಕ್ಕಿತು. ನಿರ್ದೇಶಕರು ಚಕ್ ಜೋನ್ಸ್, ಫ್ರಿಜ್ ಫ್ರೆಲೆಂಗ್, ಫ್ರಾಂಕ್ ಟ್ಯಾಶ್ಲಿನ್, ಬಾಬ್ ಕ್ಲಾಂಪೆಟ್. ಧ್ವನಿ ಮೆಲ್ ಬ್ಲಾಂಕ್. ಬರವಣಿಗೆಯಲ್ಲಿ ಗೈಸೆಲ್ ಜೊತೆ ಮನ್ರೊ ಲೀಫ್, ಫಿಲ್ ಈಸ್ಟ್‌ಮನ್ ಮುಂತಾದವರಿದ್ದರು.

ಚಿತ್ರದ ಮೇಲೆ ಯಾರ ಹೆಸರೂ ಬರುವುದಿಲ್ಲ. ಕೆಲಸ ಎಷ್ಟು ಗುಟ್ಟಾಗಿ ನಡೆಯಿತೆಂದರೆ ಬಣ್ಣ ಹಾಕುವವರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. ಕಥೆ ಊಹಿಸಲಾಗದಂತೆ ಒಂದು ಸಲಕ್ಕೆ ಹತ್ತೇ ಸೆಲ್ (ಕಾರ್ಟೂನ್ ಚಿತ್ರ ಎಳೆಯುವ ಪಾರದರ್ಶಕ ಹಾಳೆ) ಕೈಗೆ ಕೊಡುತ್ತಿದ್ದರು. ಆದ್ದರಿಂದ ಶೀರ್ಷಿಕೆಯಲ್ಲಿ ಡಾ. ಸ್ಯೂಸ್ ಹೆಸರು ಮೆರೆಸುವ ಅಪ್‌ಲೋಡ್‌ಗಳನ್ನೆಲ್ಲ ನಂಬಬೇಡಿ.

ಹಾಗಾದರೆ ಗೈಸೆಲ್‌ರನ್ನು ಎಲ್ಲಿ ಹುಡುಕುವುದು? ಗೆರೆಯಲ್ಲಂತೂ ಅಲ್ಲ. ಪಿಎಂ ಚಿತ್ರಗಳಲ್ಲಿ ತುಂಡು ತುಂಡು ಗೆರೆ, ಗೀಚಿದ ನೆರಳು, ಅಲ್ಲಲ್ಲಿ ತೆರೆದೇ ಇರುವ ಆಕಾರಗಳಿವೆ. ಸೆಲ್ ಆ್ಯನಿಮೇಷನ್‌ಗೆ ಅದು ಆಗಿಬರುವುದಿಲ್ಲ. ಗೆರೆಯನ್ನು ಸೆಲ್ಲಿನ ಮುಂಬದಿಗೆ ಎಳೆದು ಬಣ್ಣವನ್ನು ಹಿಂಬದಿಗೆ ಹಚ್ಚುತ್ತಾರೆ. ಆಕಾರ ಸುತ್ತ ಮುಚ್ಚಿರದಿದ್ದರೆ ಬಣ್ಣಕ್ಕೆ ಎಲ್ಲೆಯೇ ಇಲ್ಲ. ಗೀಚಿದ ನೆರಳನ್ನು ಪ್ರತಿ ಚಿತ್ರದಲ್ಲೂ ಹೊಸದಾಗಿ ಎಳೆದರೆ ಎರಡು ಚಿತ್ರದ ಗೀಚುಗಳು ಕೂಡದೆ, ಓಡುವಾಗ ಮೈಮೇಲೆ ಇರುವೆ ಹರಿದಂತೆ ಕುದಿಯುತ್ತವೆ. ನಾಲ್ಕು ನಿಮಿಷದ ಚಿತ್ರಕ್ಕೆ ಸೆಕೆಂಡಿಗೆ 24ರಂತೆ 5,760 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ 2,880 ಚಿತ್ರ. ಅಷ್ಟಕ್ಕೂ ಗೀಚು ಹಾಕುವ ಸ್ಟುಡಿಯೊ ಇರಲಿಲ್ಲ. ಹಾಗಾಗಿ ತೆರೆಯ ಮೇಲಿನ ಮೈಕಟ್ಟೆಲ್ಲ ಶ್ಲೆಸಿಂಜರ್ ಮನೆಯದು.

ಗೈಸೆಲ್ ಸಿಗುವುದು ಕಿವಿಗೆ. 'ಗ್ರೈಪ್ಸ್' (ಫ್ರೆಲೆಂಗ್, 1943), 'ಸ್ಪೈಸ್' (ಜೋನ್ಸ್, 1943), 'ರೂಮರ್ಸ್' (ಫ್ರೆಲೆಂಗ್, 1943) ಈ ಮೂರನ್ನು ಒಮ್ಮೆ ಕಣ್ಣುಮುಚ್ಚಿ ಕೇಳಿ. ಮಾತು ಪ್ರಾಸದಲ್ಲಿ ಓಡುತ್ತದೆ. ಎರಡು ಹಗುರ ಅಕ್ಷರ, ಆಮೇಲೊಂದು ಭಾರದ್ದು: ಅವರ ಮಕ್ಕಳ ಪುಸ್ತಕಗಳ ಓಟವೂ ಇದೇ. ಛಂದಸ್ಸು ಓದಿದವರಿಗೆ ಸಗಣ ನೆನಪಾದೀತು. ಆದರೆ ಇಂಗ್ಲಿಷಿನಲ್ಲಿ ಎಣಿಸುವುದು ಮಾತ್ರೆಯನ್ನಲ್ಲ, ಒತ್ತನ್ನು. ಈ ಓಟ ಕಾರ್ಟೂನ್ ನಿರ್ದೇಶಕರಿಗೆ ಹೇಳಿಮಾಡಿಸಿದ್ದು. ಅವರು ಚಲನೆಯನ್ನು ತಾಳಕ್ಕೆ ಕಟ್ಟುತ್ತಿದ್ದರು. ನಿಮಿಷಕ್ಕೆ 120 ತಾಳ ಅಂದರೆ ತಾಳಕ್ಕೆ ಸರಿಯಾಗಿ 12 ಫ್ರೇಮ್. ಪದ್ಯದ ಒತ್ತು ಬೀಳುವ ಕಡೆಯೇ ಕಾಲಿನ ಹೆಜ್ಜೆ, ಬಾಗಿಲಿನ ಬಡಿತ ಬೀಳುವಂತೆ ಜೋಡಿಸಿದರೆ ಗದ್ಯಕ್ಕಿಲ್ಲದ ಬಿಗಿ ಬರುತ್ತದೆ.

'ಸ್ಪೈಸ್' ಈ ಗುಂಪಿನಲ್ಲಿ ಮೇಲಿನದು. ಗುಟ್ಟೊಂದನ್ನು ತಲೆಯೊಳಗಿಟ್ಟು ಸರಪಳಿ, ಬೀಗ ಜಡಿದುಕೊಂಡ ಸ್ನಾಫು ಅಲ್ಲೊಂದು ಇಲ್ಲೊಂದು ಮಾತು ಉದುರಿಸುತ್ತ ಹೋಗುತ್ತಾನೆ. ಒಂದೊಂದೂ ನಿರುಪದ್ರವಿ, ಒಟ್ಟು ಸೇರಿದಾಗ ಅವನ ಹಡಗು ಮುಳುಗುತ್ತದೆ. ಕೊನೆಗೆ ನರಕದ ಕೊಪ್ಪರಿಗೆಯಲ್ಲಿ ಕುಳಿತು ಗುಟ್ಟು ಬಿಟ್ಟುಕೊಟ್ಟವನು ಯಾರೆಂದು ಕೇಳಿದಾಗ ಸೈತಾನ ಕನ್ನಡಿ ಹಿಡಿಯುತ್ತಾನೆ. ಪತ್ರಿಕೆಯ ಒಂದು ಚೌಕದಲ್ಲಿ ಕಾರಣ, ಪರಿಣಾಮ ಎರಡನ್ನೂ ಒಟ್ಟಿಗೆ ತುರುಕಬೇಕಿತ್ತು. ಇಲ್ಲಿ ಅವನ್ನು ದೂರ ದೂರ ಇಡುವ ಅವಕಾಶ ಸಿಕ್ಕಿದೆ, ಪೂರ್ತಿ ಬಳಸಿಕೊಂಡಿದ್ದಾರೆ.

ಇದಕ್ಕೆ ಹೋಲಿಸಿದರೆ ಪ್ರಾಸವಿಲ್ಲದ ಚಿತ್ರಗಳು ಸ್ಟುಡಿಯೊದ ಮಾಮೂಲಿ ಮಾಲು, ಹಾಗೆಂದು ಕಳಪೆಯಲ್ಲ. ಕ್ಲಾಂಪೆಟ್‌ರ 'ಬೂಬಿ ಟ್ರಾಪ್ಸ್' (1944) ನೋಡಲೇಬೇಕು: ಪಿಯಾನೊದ ಒಂದು ಮನೆಗೆ ಬಾಂಬು ಕಟ್ಟಿರುತ್ತದೆ, ಸ್ನಾಫು ಪ್ರತಿ ಸಲವೂ ಆ ಸ್ವರವನ್ನೇ ತಪ್ಪಿ ಬಾರಿಸುತ್ತಾನೆ. ಮುಂದೆ ಬಗ್ಸ್ ಬನ್ನಿ ಚಿತ್ರಗಳಲ್ಲಿ ಮತ್ತೆ ಬಂದ ಆಟ ಅದು.

ಎಚ್ಚರಿಕೆ: ಡಾ. ಸ್ಯೂಸ್ ಎಂದುಕೊಂಡು ಮಕ್ಕಳ ಮುಂದೆ ಹಾಕಬೇಡಿ. ಸೈನ್ಯದ ಚಿತ್ರಗಳಿಗೆ ಹಾಲಿವುಡ್ಡಿನ ಸೆನ್ಸಾರ್ ನಿಯಮ ಅನ್ವಯಿಸುತ್ತಿರಲಿಲ್ಲ. ಪೋಲಿ ಮಾತು, ಅರೆಬೆತ್ತಲೆ ಹೆಂಗಸರು ಧಾರಾಳ. ಜಪಾನಿಯರ ಚಿತ್ರಣ ಪಿಎಂ ಕಾಲದಷ್ಟೇ ಹೀನ. ಸ್ನಾಫು ಎಂಬ ಹೆಸರೇ ಒಂದು ಬೈಗುಳದ ಸಂಕ್ಷೇಪ. ಮೊದಲ ಚಿತ್ರದಲ್ಲಿ ನಿರೂಪಕ ಅದನ್ನು ಬಿಡಿಸಿ ಹೇಳುತ್ತ ಕೊನೇ ಪದಕ್ಕೆ ಬಂದಾಗ ತಡವರಿಸಿ ಮರ್ಯಾದೆಯ ಪದವೊಂದನ್ನು ತಂದಿಡುತ್ತಾನೆ.

ಪ್ರತಿ ಆರಿಸುವುದರಲ್ಲೇ ಹೆಚ್ಚಿನವರು ಎಡವುವುದು. ಇವನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲಿ, ಶಿಬಿರಗಳಿಗೆ ಹೋದದ್ದು 16 ಎಂಎಂ ಪ್ರಿಂಟು. 35 ಎಂಎಂ ನಿಮಿಷಕ್ಕೆ 90 ಅಡಿ ಓಡಿದರೆ 16 ಎಂಎಂ 36 ಅಡಿ. ಅಂದರೆ ಅಷ್ಟೇ ಹೊತ್ತಿನ ಧ್ವನಿ ಐದರಲ್ಲಿ ಎರಡು ಪಾಲು ಉದ್ದದ ಪಟ್ಟಿಯೊಳಗೆ ಹಿಡಿಯಬೇಕು, ಕೀಚಲು ಸ್ವರ ಮೊದಲು ಸಾಯುತ್ತದೆ. ಬ್ಲಾಂಕ್‌ರ 'ಸ', 'ಶ' ಮಂಕಾಗಿ ಕೇಳಿಸಿದರೆ ನಿಮ್ಮ ಸ್ಪೀಕರಿನ ತಪ್ಪಲ್ಲ. ಪ್ರಿಂಟಿನಿಂದ ಪ್ರಿಂಟು ತೆಗೆದಂತೆ ಬೂದು ಛಾಯೆಗಳು ಕರಗಿ ಬರೀ ಸುಣ್ಣ, ಇದ್ದಿಲು ಉಳಿಯುತ್ತವೆ. ರಾತ್ರಿಯ ದೃಶ್ಯದಲ್ಲಿ ಸ್ನಾಫುವಿನ ಸಮವಸ್ತ್ರ ಹಿನ್ನೆಲೆಯಿಂದ ಬೇರೆಯಾಗಿ ಕಂಡರೆ ಆ ಪ್ರತಿ ಪರವಾಗಿಲ್ಲ.

ಆಮೇಲೆ ಚೌಕಟ್ಟು. ಮೂಲ ಅಳತೆ ಹೆಚ್ಚುಕಡಿಮೆ 4:3. ಎರಡೂ ಬದಿ ಕಪ್ಪು ಪಟ್ಟಿ ಇಲ್ಲದೆ ಅಗಲ ಪರದೆ ತುಂಬಿದ್ದರೆ, ಒಂದೋ ಎಳೆದು ದಪ್ಪಗಾಗಿಸಿದ್ದಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿ ಎತ್ತರದಲ್ಲಿ ಕಾಲುಭಾಗ ಎಸೆದಿದ್ದಾರೆ. ಕಾರ್ಟೂನಿನಲ್ಲಿ ಕಾಲು ಕಾಣದಿದ್ದರೆ ನಡಿಗೆಯ ಅಭ್ಯಾಸವೇ ಹೋಯಿತು.

ವೇಗವನ್ನೂ ನೋಡಿ. ಯುರೋಪಿನ ಟಿವಿ ಪದ್ಧತಿಯಿಂದ ಬಂದ ಪ್ರತಿ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ. ನಾಲ್ಕು ನಿಮಿಷದ್ದು ಹತ್ತು ಸೆಕೆಂಡ್ ಮೊದಲೇ ಮುಗಿಯುತ್ತದೆ, ಧ್ವನಿಯೂ ಮುಕ್ಕಾಲು ಅರೆಸ್ವರದಷ್ಟು ಏರುತ್ತದೆ. ಅಮೆರಿಕದ ವಿಡಿಯೊ ಪದ್ಧತಿಯ ಪ್ರತಿಗಳ ಕಾಟ ಬೇರೆ: ನಾಲ್ಕು ಫಿಲ್ಮ್ ಫ್ರೇಮನ್ನು ಐದು ವಿಡಿಯೊ ಫ್ರೇಮಿಗೆ ಹಂಚುವುದರಿಂದ ಐದರಲ್ಲಿ ಎರಡು ಕಲಬೆರಕೆ. ಓಡುವಾಗ ಗೊತ್ತಾಗುವುದಿಲ್ಲ. ಒಂದೊಂದೇ ಫ್ರೇಮ್ ನಡೆಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ, ಇಲ್ಲವೇ ಎರಡು ತಲೆ ಕಾಣುತ್ತವೆ. ಹೊಸಬರು ಅದನ್ನೇ ಎಳೆಮುಖದ ಚಿತ್ರ, ಅಂದರೆ ವೇಗ ತೋರಿಸಲು ಚಿತ್ರಕಾರನೇ ಮುಖ, ಮೈ ಉದ್ದಕ್ಕೆ ಎಳೆದು ಬರೆದದ್ದು, ಎಂದು ಬಗೆಯುತ್ತಾರೆ. ನಿಜವಾದ ಎಳೆಮುಖದಲ್ಲಿ ಹೊರಗೆರೆ ಒಂದೇ, ಅಂಚು ಖಡಕ್ಕಾಗಿರುತ್ತದೆ. ಬಾಚಣಿಗೆ ಗೆರೆ ಇದ್ದರೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರಿನಲ್ಲಿ ಫೀಲ್ಡ್‌ಮ್ಯಾಚ್, ಅದರ ಹಿಂದೆ ಡೆಸಿಮೇಟ್ ಎಂಬ ಎರಡು ಫಿಲ್ಟರ್ ಹಾಕಿ 24ಕ್ಕೆ ಇಳಿಸಬಹುದು. ಎರಡು ತಲೆ ಕರಗಿ ಕೂಡಿಕೊಂಡಿದ್ದರೆ ಬಿಟ್ಟುಬಿಡಿ, ಬೇರೆ ಪ್ರತಿ ಹುಡುಕಿ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ 'ಇ' ಕೀಲಿ, ಯೂಟ್ಯೂಬಿನಲ್ಲಿ ನಿಲ್ಲಿಸಿ ಅಲ್ಪವಿರಾಮ, ಪೂರ್ಣವಿರಾಮದ ಕೀಲಿಗಳು ಫ್ರೇಮ್ ನಡೆಸುತ್ತವೆ.

ಕೃತಕ ಬುದ್ಧಿಮತ್ತೆಯಿಂದ ಬಣ್ಣ ಹಚ್ಚಿ, ಸೆಕೆಂಡಿಗೆ 60 ಫ್ರೇಮ್ ಮಾಡಿದವುಗಳನ್ನು ತೆರೆಯಲೇಬೇಡಿ. ಎರಡು ಚಿತ್ರದ ನಡುವೆ ಯಂತ್ರ ತುಂಬಿದ ಚಿತ್ರಗಳು ಜೋನ್ಸ್, ಕ್ಲಾಂಪೆಟ್ ಲೆಕ್ಕ ಹಾಕಿ ಇಟ್ಟ ಹಠಾತ್ ನೆಗೆತವನ್ನು ಗಂಜಿ ಮಾಡುತ್ತವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಾದರೆ ತಾಣ ತಾನೇ ಕುಗ್ಗಿಸಿಟ್ಟ ಫೈಲಿನ ಬದಲು ಅಪ್‌ಲೋಡ್ ಆದ ಮೂಲ ಫೈಲನ್ನೇ ಇಳಿಸಿಕೊಳ್ಳಿ.

ಇಡೀ ಸಂಗ್ರಹಕ್ಕೆ ಪುರುಸೊತ್ತಿಲ್ಲದವರು ಸೊಳ್ಳೆಯ ಜಾಡು ಹಿಡಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. 1942ರ ಜೂನ್ 11ರ ಪಿಎಂ ಚಿತ್ರದಿಂದ ಶುರುಮಾಡಿ. ಅಲ್ಲಿಂದ 1943ರ ಮಲೇರಿಯಾ ಕಿರುಹೊತ್ತಗೆಗೆ ಹೋಗಿ. ಮಾತು ಮನ್ರೊ ಲೀಫ್, ಚಿತ್ರ ಗೈಸೆಲ್, ನಾಯಕಿ ಆ್ಯನ್ ಎಂಬ ಅನಾಫಿಲಿಸ್ ಸೊಳ್ಳೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಅದರ ಸ್ಕ್ಯಾನ್ ಇದೆ. ಸೈನ್ಯಕ್ಕೆ ಸೇರಿದ ಮೇಲೂ ಅವರ ಸ್ವಂತ ಗೆರೆ ನೋಡಸಿಗುವುದು ಇಂಥ ಕಡೆ. ಆಮೇಲೆ ಜೋನ್ಸ್ ನಿರ್ದೇಶಿಸಿದ 'ಪ್ರೈವೇಟ್ ಸ್ನಾಫು ವರ್ಸಸ್ ಮಲೇರಿಯಾ ಮೈಕ್' (1944). ಕೊನೆಗೆ ಜೋನ್ಸ್‌ರದೇ 1945ರ ಮಲೇರಿಯಾ ಚಿತ್ರ, ಅದರಲ್ಲಿನ ಸೊಳ್ಳೆಯ ಹೆಸರು ಅನಾಫಿಲಿಸ್ ಆ್ಯನಿ. ಆ್ಯನ್ ಮತ್ತು ಆ್ಯನಿಯನ್ನು ಅಕ್ಕಪಕ್ಕ ಇಟ್ಟರೆ ಗೀಚು ಗೆರೆಯ ಸೊಳ್ಳೆಗೂ ಸೆಲ್ ಮೇಲಿನ ಸೊಳ್ಳೆಗೂ ಇರುವ ಅಂತರ ವಿವರಣೆಯಿಲ್ಲದೆ ತಿಳಿಯುತ್ತದೆ.

ಮರುಬಳಕೆಯ ಮಾತು: ಸ್ನಾಫು ಚಿತ್ರಗಳು ಸರ್ಕಾರಕ್ಕಾಗಿ ಆದ ಕೆಲಸ, ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತು. ಪಿಎಂ ವ್ಯಂಗ್ಯಚಿತ್ರಗಳಿಗೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ತರಗತಿಯಲ್ಲಿ ತೋರಿಸುವುದು ಬೇರೆ, ಅಚ್ಚು ಹಾಕುವುದು ಬೇರೆ. ಅಚ್ಚು ಹಾಕುವುದಿದ್ದರೆ ಚಿತ್ರದ ದಿನಾಂಕ ಬರೆದು ಗ್ರಂಥಾಲಯವನ್ನು ಮೊದಲೇ ಕೇಳಿ.